ನೆಗಡಿ-ಜ್ವರಕ್ಕೆ ಅಂಜಿ ನೌಕರಿ ಬಿಡಬೇಕೆ?

ನವಲಗುಂದ ತಾಲ್ಲೂಕಿನಿಂದ ತಂಗಿಯೊಬ್ಬಳು ಪತ್ರ ಬರೆದಿದ್ದಾಳೆ. ದವಾಖಾನೆಯ ತುರ್ತು ವಿಭಾಗದಲ್ಲಿ ನರ್ಸ್ ಆಗಿ ಸೇರಿ ಎಂಟು ತಿಂಗಳು. ಅಷ್ಟರಲ್ಲಿ ನಾಲ್ಕು ಸಲ ನೆಗಡಿ-ಜ್ವರ, ಎರಡು ಸಲ ವಾಂತಿ-ಭೇದಿ. ಮನೆಯಲ್ಲಿ ಎರಡು ವರ್ಷದ ಕೂಸು. ತಾಯಿಯ ಬೆನ್ನಿಗೇ ಅದಕ್ಕೂ ಕೆಮ್ಮು. “ಜೀವ ಇದ್ರ ಇಂಥಾ ನೌಕರಿ ಹತ್ತು ಸಿಗತಾವ, ಬಿಟ್ಟಬಿಡವಾ” ಎನ್ನುತ್ತಾರಂತೆ ಅತ್ತೆ. ಗಂಡ ಏನೂ ಮಾತಾಡುವುದಿಲ್ಲ. “ನನ್ನ ಮೈಯಾಗ ತಾಕತ್ತ ಇಲ್ಲೇನ್ರಿ ಅಕ್ಕಾ?” ಎಂದು ಕೇಳಿದ್ದಾಳೆ.

ತಾಕತ್ತಿನ ಮಾತು ಆಮೇಲೆ, ತಂಗಿ. ಸುತ್ತ ಹಳ್ಳಿಗಳ ಕೆಮ್ಮು, ಜ್ವರ, ವಾಂತಿ ಎಲ್ಲ ಮೊದಲು ಬಂದು ನಿಲ್ಲುವುದು ನಿನ್ನ ಮೇಜಿನ ಮುಂದೆ. ಹೊಸದಾಗಿ ಸೇರಿದವರು ಮೊದಲ ವರ್ಷ ಮೇಲಿಂದ ಮೇಲೆ ಮಲಗುವುದುಂಟು. ಅದನ್ನು ಬಹಳಷ್ಟು ಕಡಿಮೆ ಮಾಡಿಕೊಳ್ಳಬಹುದು.

ಮೊದಲು ನಿನ್ನ ಕೈ ನೋಡಿಕೊ. ಸಿಡ್ನಿಯಲ್ಲಿ ವೈದ್ಯ ವಿದ್ಯಾರ್ಥಿಗಳನ್ನೇ ಗಮನಿಸಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಒಬ್ಬೊಬ್ಬರು ತಾಸಿಗೆ ಸರಾಸರಿ 23 ಸಲ ಮುಖ ಮುಟ್ಟಿಕೊಂಡಿದ್ದರು! ಕಲಿತವರ ಪಾಡೇ ಹೀಗೆ. ಒಬ್ಬ ರೋಗಿಯಿಂದ ಇನ್ನೊಬ್ಬರ ಕಡೆ ಹೋಗುವಾಗ ಸ್ಯಾನಿಟೈಸರ್ ಹಚ್ಚಿ 20-30 ಸೆಕೆಂಡು ಉಜ್ಜು. ಆದರೆ ವಾಂತಿ-ಭೇದಿಯ ರೋಗಿಯನ್ನು ಮುಟ್ಟಿದ ಮೇಲೆ ಅದನ್ನು ನಂಬಬೇಡ. ಹೊಟ್ಟೆ ಕೆಡಿಸುವ ಕೆಲವು ವೈರಸ್‌ಗಳು ಅದಕ್ಕೆ ಸರಿಯಾಗಿ ಸಾಯುವುದಿಲ್ಲ. ಸಾಬೂನು-ನೀರೇ ಬೇಕು, ಒಂದು ನಿಮಿಷದಷ್ಟು. ಬಳೆ-ಉಂಗುರದ ಸಂದಿಯಲ್ಲಿ ಹೊಲಸು ಉಳಿಯುತ್ತದೆ. ಬರಿಗೈ ಎಂದರೆ ಅತ್ತೆಯವರಿಗೆ ಬೇಸರವಾದೀತು, ಗೊತ್ತು. ಕೊರಳಲ್ಲಿ ತಾಳಿ ಇದ್ದೇ ಇದೆಯಲ್ಲ. ಡ್ಯೂಟಿ ಮುಗಿದ ಮೇಲೆ ಬಳೆ ಹಾಕಿಕೊಂಡರಾಯಿತು. ಇನ್ನು ಆ ಮೊಬೈಲು! ಕೈ ತೊಳೆದು ಮತ್ತೆ ಅದನ್ನೇ ಹಿಡಿದರೆ ತೊಳೆದದ್ದೆಲ್ಲ ನೀರಿನ ಪಾಲು. ಅದನ್ನೂ ದಿನಾ ಒರೆಸು.

ಮನೆಗೆ ಬಂದೊಡನೆ ಕೂಸು ಓಡಿ ಬಂದು ಕಾಲು ಹಿಡಿಯುತ್ತದೆ. ಕರುಳು ಎಳೆಯುತ್ತದೆ, ಆದರೂ ಮೊದಲು ಬಚ್ಚಲಮನೆ. ಡ್ಯೂಟಿ ಬಟ್ಟೆ ತೆಗೆದು ಬೇರೆ ಬಕೆಟ್ಟಿಗೆ ಹಾಕಿ, ಮೈ ತೊಳೆದುಕೊಂಡು ಆಮೇಲೆ ಎತ್ತಿಕೊ.

2020ರಲ್ಲಿ ಎಲ್ಲರ ಮೂಗಿನ ಮೇಲಿದ್ದ ಮಾಸ್ಕು ಈಗ ಗದ್ದಕ್ಕೆ ಇಳಿದಿದೆ. ಕೆಮ್ಮುವವರ ಹತ್ತಿರ ಹೋಗುವಾಗ ಮೇಲಕ್ಕೇರಿಸು. ಕ್ಷಯದ ಸಂಶಯವಿದ್ದರೆ ಎನ್-95 ಮಾಸ್ಕೇ ಆಗಬೇಕು. ಕಿಟಕಿಗಳನ್ನು ತೆರೆಸು. ಬೆಳೆಗೆ ಹೊಡೆಯುವ ಔಷಧ ಕುಡಿದವರು ಬಂದಾಗಲಂತೂ ಗಾಳಿ ಆಡಲೇಬೇಕು. ಅವರ ಬಟ್ಟೆಯಲ್ಲಿ, ವಾಂತಿಯಲ್ಲಿ ಇರುವ ವಿಷ ನಿನ್ನ ಚರ್ಮಕ್ಕೂ ಉಸಿರಿಗೂ ತಾಗಿ ತಲೆನೋವು, ಹೊಟ್ಟೆ ತೊಳಸು ತರಬಹುದು. ಗ್ಲೌಸ್ ಹಾಕಿಕೊಂಡು ಆ ಬಟ್ಟೆ ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು, ರೋಗಿಯ ಮೈ ಸಾಬೂನಿನಿಂದ ತೊಳೆಯಬೇಕು.

ಪತ್ರದಲ್ಲಿ ನೀನು ಬರೆಯದೇ ಬಿಟ್ಟ ಒಂದು ವಿಷಯ ನನಗೆ ನೆಗಡಿಗಿಂತ ಹೆಚ್ಚು ಚಿಂತೆಯದು. ಹೆಪಟೈಟಿಸ್-ಬಿ ಲಸಿಕೆ ಆಗಿದೆಯೋ ಇಲ್ಲವೋ? ಈ ಕಾಮಾಲೆ ಇರುವವರ ರಕ್ತದ ಸೂಜಿ ಚುಚ್ಚಿದರೆ, ಲಸಿಕೆ ಇಲ್ಲದ ನೂರು ಜನರಲ್ಲಿ 6ರಿಂದ 30 ಮಂದಿಗೆ ಸೋಂಕು ತಗಲುತ್ತದೆ. ಎಲ್ಲರೂ ಹೆದರುವ ಎಚ್‌ಐವಿಯಲ್ಲಿ ಸಾವಿರಕ್ಕೆ 3. ಲಸಿಕೆ ಮೂರು ಸಲ: ಇವತ್ತು, ತಿಂಗಳಿಗೆ, ಆರು ತಿಂಗಳಿಗೆ. ಕೊನೆಯದಾಗಿ ಒಂದೆರಡು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿ ಅದು ಹತ್ತಿದೆಯೋ ನೋಡಬೇಕು. ಫ್ಲೂ ಲಸಿಕೆ ಬೇರೆ, ಅದು ವರ್ಷಕ್ಕೊಮ್ಮೆ.

ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋಗಬೇಡ, ಚುಚ್ಚುವುದು ಆಗಲೇ. ಚುಚ್ಚಿದರೆ ಹಿಂಡಬಾರದು, ಬಾಯಿಗೆ ಇಡಬಾರದು. ಸಾಬೂನು-ನೀರಿನಿಂದ ತೊಳೆದು ತಕ್ಷಣ ಡಾಕ್ಟರಿಗೆ ಹೇಳು. “ಯಾರೇನ ಅಂದಾರು” ಎಂದು ಮುಚ್ಚಿಟ್ಟರೆ ಕೆಟ್ಟಿತು. ಎಚ್‌ಐವಿ ತಡೆಯುವ ಗುಳಿಗೆಯನ್ನು ಎರಡು ತಾಸಿನೊಳಗೆ ಆರಂಭಿಸಿದರೆ ಒಳ್ಳೆಯದು. 72 ತಾಸು ದಾಟಿದರೆ ಉಪಯೋಗವಿಲ್ಲ. ಅದು ನಿಮ್ಮಲ್ಲಿ ಎಲ್ಲಿದೆ ಎಂದು ನಾಳೆಯೇ ಕೇಳಿಡು. ಇಲ್ಲದಿದ್ದರೆ ಹುಬ್ಬಳ್ಳಿಯ ಕೆಎಂಸಿಆರ್‌ಐನಲ್ಲಿ (ಮೊದಲಿನ ಕಿಮ್ಸ್) ಎಆರ್‌ಟಿ ಕೇಂದ್ರವಿದೆ.

ಈಗ ತಾಕತ್ತು. ಶಕ್ತಿಗುಳಿಗೆ, ಸಲೈನ್ ಬೇಡ. ನೆಗಡಿಗೆ ಕಪಾಟಿನ ಆಂಟಿಬಯಾಟಿಕ್ ತೆಗೆದು ನುಂಗುವುದಂತೂ ಬೇಡವೇ ಬೇಡ. ಹಿಮೋಗ್ಲೋಬಿನ್ ಒಮ್ಮೆ ನೋಡಿಸು, ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ ಇರುವವರೇ ಬಹಳ. ರಾತ್ರಿ ಡ್ಯೂಟಿಗೆ ಚಹಾ-ಮಿರ್ಚಿ ಭಜಿಯ ಬದಲು ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗು. ರಕ್ತದ ಬಾಟಲಿ ಇಡುವ ಮೇಜಿನ ಮೇಲೆ ಬುತ್ತಿ ಬಿಚ್ಚಬೇಡ.

ಅದಕ್ಕಿಂತ ಮುಖ್ಯ ನಿದ್ದೆ. ಅಮೆರಿಕದಲ್ಲಿ ಜನರ ಮೂಗಿಗೆ ಶೀತದ ವೈರಸ್ ಹಾಕಿ ನೋಡಿದರು (2009ರಲ್ಲಿ ಪ್ರಕಟವಾದ ಅಧ್ಯಯನ). ಏಳು ತಾಸಿಗಿಂತ ಕಡಿಮೆ ಮಲಗುವವರಿಗೆ, ಎಂಟು ತಾಸು ಮಲಗುವವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ನೆಗಡಿ. ರಾತ್ರಿ ಪಾಳಿ ಮುಗಿಸಿ ಬಂದು ಕಸ, ಮುಸುರೆ, ಅಡಿಗೆ ಮಾಡಿ ಮಧ್ಯಾಹ್ನ ಒಂದು ತಾಸು ಒರಗುವುದು ನಿದ್ದೆಯಲ್ಲ. ಸೊಸೆ ಹಗಲು ಮಲಗಿದರೆ ಮನೆಗೆ ಶೋಭೆಯಲ್ಲ ಎನ್ನುವವರು ನಮ್ಮ ಕಡೆ ಇನ್ನೂ ಇದ್ದಾರೆ. ಅತ್ತೆಯವರಿಗೆ ನಿನ್ನ ಜೀವದ ಕಾಳಜಿ ಇದೆ. ಅದು ಅವರ ಮಾತಿನಲ್ಲೇ ಇದೆ. ಅದೇ ಕಾಳಜಿ ಹಿಡಿದು ಕೇಳು: “ಅತ್ತೀ, ನೌಕರಿ ಬಿಡೂದು ಬ್ಯಾಡ, ನೈಟ್ ಡ್ಯೂಟಿ ಮರುದಿನ ಬಾಗಲಾ ಹಾಕ್ಕೊಂಡು ಮಧ್ಯಾಹ್ನದ ತನಕ ಮಲಗಾಕ ಬಿಡ್ರಿ.” ಆ ಹೊತ್ತು ಕೂಸಿನ ಪಾಳಿ ಗಂಡನದು. ಸುಮ್ಮನಿರುವವರಿಗೂ ಒಂದು ಕೆಲಸ ಬೇಕಲ್ಲ!

ಜ್ವರ ಇದ್ದ ದಿನ ರಜೆ ಕೇಳು. ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು, ಇವು ಕಂಡರೆ ಮಾತ್ರ ಕೆಲಸದ ಆಯಾಸ ಎಂದು ಬಿಡಬೇಡ. ಮರುದಿನವೇ ಕಫ ಪರೀಕ್ಷೆಗೆ ಕೊಡು. ಸರಕಾರಿ ದವಾಖಾನೆಗಳಲ್ಲಿ ಅದು ಪುಕ್ಕಟೆ, ಕ್ಷಯದ ಔಷಧವೂ ಪುಕ್ಕಟೆ.