ಗೈಡೆನ್ಸ್ ವ್ಯಾಲ್ಯೂ ಶೇ. 30 ಏರಿದರೆ ಮನೆ ಕಂದಾಯವೂ ಶೇ. 30 ಏರುತ್ತದೆಯೇ?

ಮಾರ್ಗಸೂಚಿ ದರ, ಅಂದರೆ ಗೈಡೆನ್ಸ್ ವ್ಯಾಲ್ಯೂ, ಪರಿಷ್ಕರಣೆಯಾಗುತ್ತದೆ ಎಂಬ ಸುದ್ದಿ ಬಂದರೆ ಸಾಕು, "ದರ ಎಷ್ಟು ಏರುತ್ತದೋ ಮನೆ ಕಂದಾಯವೂ ಅಷ್ಟೇ ಏರುತ್ತದೆ" ಎಂಬ ಮಾತು ಫೋನಿಂದ ಫೋನಿಗೆ ಓಡಾಡಲು ಶುರುವಾಗುತ್ತದೆ. ಪಿಂಚಣಿ ನಂಬಿಕೊಂಡು ಸ್ವಂತ ಮನೆಯಲ್ಲಿರುವ ಹಿರಿಯರಿಗೆ ಇದು ಸಣ್ಣ ಭಯವಲ್ಲ. ಮನೆಯ ಬೆಲೆ ಏರಿದ ಮಾತ್ರಕ್ಕೆ ಅವರ ಕೈಗೆ ಹಣ ಬರುವುದಿಲ್ಲ, ಕಂದಾಯ ಮಾತ್ರ ಕೈಯಿಂದಲೇ ಕಟ್ಟಬೇಕು.

ಹಾಗಾದರೆ ಈ ಮಾತು ನಿಜವೇ? ನಿಮ್ಮ ಮನೆ ಯಾವ ಊರಿನಲ್ಲಿದೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಮಾರ್ಗಸೂಚಿ ದರವನ್ನು ನಿಗದಿ ಮಾಡುವುದು ನೋಂದಣಿ ಮತ್ತು ಮುದ್ರಾಂಕ ಇಲಾಖೆ. ಇದಕ್ಕಿಂತ ಕಡಿಮೆ ಬೆಲೆ ತೋರಿಸಿ ಆಸ್ತಿ ನೋಂದಣಿ ಮಾಡಿಸಿ ಮುದ್ರಾಂಕ ಶುಲ್ಕ ಉಳಿಸಬಾರದು ಎಂಬುದು ಅದರ ಮೂಲ ಉದ್ದೇಶ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಇದು ಸರಾಸರಿ ಶೇ. 30ರಷ್ಟು ಹೆಚ್ಚಾಯಿತು. ಸೈಟು ಕೊಳ್ಳುವವರಿಗೆ ಹೊರೆ ಅಂದೇ ತಟ್ಟಿತು. ಆದರೆ ಕಂದಾಯ ವಸೂಲಿ ಮಾಡುವುದು ಈ ಇಲಾಖೆಯಲ್ಲ, ನಿಮ್ಮ ಪಾಲಿಕೆ ಅಥವಾ ಪುರಸಭೆ.

ಬೆಂಗಳೂರಿನಲ್ಲಿ 2008ರಿಂದ ಇರುವುದು ಯೂನಿಟ್ ಏರಿಯಾ ಪದ್ಧತಿ. ನಗರವನ್ನು ಎ ಇಂದ ಎಫ್‌ವರೆಗೆ ವಲಯಗಳಾಗಿ ವಿಂಗಡಿಸಿ, ಪ್ರತಿ ಚದರ ಅಡಿಗೆ ಇಷ್ಟು ಎಂದು ಲೆಕ್ಕ ಹಾಕುತ್ತಾರೆ. ಸ್ವಂತ ವಾಸಕ್ಕೆ ಒಂದು ದರ, ಬಾಡಿಗೆಗೆ ಕೊಟ್ಟಿದ್ದರೆ ಅದರ ದುಪ್ಪಟ್ಟು. 2024ರ ಫೆಬ್ರವರಿಯಲ್ಲಿ ಮಾರ್ಗಸೂಚಿ ದರಕ್ಕೇ ತೆರಿಗೆಯನ್ನು ಜೋಡಿಸುವ ಕರಡು ಬಂತು, ಆದರೆ ಆ ವರ್ಷ ಜಾರಿಗೆ ಬರಲಿಲ್ಲ. ಹಾಗಾಗಿ 2023ರ ಏರಿಕೆ ಇಲ್ಲಿನ ಕಂದಾಯದ ಚೀಟಿಗೆ ನೇರವಾಗಿ ಇಳಿಯಲಿಲ್ಲ.

ಹಾಗೆಂದು ಬೆಂಗಳೂರಿನವರು ನಿಶ್ಚಿಂತೆಯಿಂದ ಇರುವಂತಿಲ್ಲ. ವಲಯ ವಿಂಗಡಣೆಗೆ ಆಧಾರ ಇದೇ ಮಾರ್ಗಸೂಚಿ ದರ. 2016ರಲ್ಲಿ ವಲಯಗಳು ಬದಲಾದವು; ಹಲವರು ಹಳೆಯ ವಲಯದ ಲೆಕ್ಕದಲ್ಲೇ ಕಟ್ಟುತ್ತ ಹೋದರು. 2021ರಲ್ಲಿ ಸುಮಾರು 78,000 ಮಾಲೀಕರಿಗೆ ಬಾಕಿ ಮೊತ್ತದ ಜೊತೆಗೆ ದಂಡ, ಬಡ್ಡಿ ಸೇರಿಸಿ ನೋಟಿಸ್ ಬಂತು. ಕಂದಾಯ ಕಟ್ಟಿದ ರಸೀದಿ ಕೈಯಲ್ಲಿದ್ದವರೂ ಬೆಚ್ಚಿಬಿದ್ದರು.

ಮೈಸೂರು, ಮಂಗಳೂರು, ಹುಬ್ಬಳ್ಳಿಯಂಥ ಊರುಗಳ ಕಥೆ ಬೇರೆ. ಅಲ್ಲಿರುವುದು ಬಂಡವಾಳ ಮೌಲ್ಯ ಪದ್ಧತಿ. ಮೊದಲು ಹಳೆಯ ಮೌಲ್ಯವನ್ನೇ ಇಟ್ಟುಕೊಂಡು ಮೂರು ವರ್ಷಕ್ಕೊಮ್ಮೆ ಶೇ. 15 ಏರಿಸುತ್ತಿದ್ದರು. 2021ರ ಹೊತ್ತಿಗೆ ಕಾನೂನು ತಿದ್ದಿ, ಚಾಲ್ತಿ ಮಾರ್ಗಸೂಚಿ ದರದ ಶೇ. 25ನ್ನು ತೆರಿಗೆಗೆ ಒಳಪಡುವ ಮೌಲ್ಯ ಎಂದು ಹಿಡಿಯುವ ಕ್ರಮ ತಂದರು. ಇಲ್ಲಿ ದರ ಏರಿದರೆ ಕಂದಾಯವೂ ಏರುವುದು ನಿಜ. ಎಷ್ಟು?

ಊಹೆಯ ಲೆಕ್ಕವೊಂದನ್ನು ನೋಡಿ. 30×40 ಸೈಟು, ಚದರ ಅಡಿಗೆ 2,000 ರೂಪಾಯಿ: ನೆಲದ ಮೌಲ್ಯ 24 ಲಕ್ಷ. ಕಟ್ಟಡದ್ದು 10 ಲಕ್ಷ. ಒಟ್ಟು 34 ಲಕ್ಷದ ಕಾಲು ಭಾಗ ಎಂಟೂವರೆ ಲಕ್ಷ. ತೆರಿಗೆ ಪ್ರಮಾಣ ಶೇ. 0.5 ಎಂದಿಟ್ಟುಕೊಂಡರೆ ಕಂದಾಯ 4,250 ರೂಪಾಯಿ. ನೆಲದ ದರ ಮಾತ್ರ ಶೇ. 30 ಏರಿ 2,600 ಆದರೆ ಒಟ್ಟು 41.2 ಲಕ್ಷ, ಕಂದಾಯ 5,150. ಹೆಚ್ಚಳ 900 ರೂಪಾಯಿ, ಸುಮಾರು ಶೇ. 21. ಕಟ್ಟಡದ ದರವನ್ನೂ ಅಷ್ಟೇ ಏರಿಸಿದರೆ ಮಾತ್ರ ಪೂರಾ ಶೇ. 30. ಇದೇ ವೇಳೆ ಪಾಲಿಕೆ ತನ್ನ ಪ್ರಮಾಣವನ್ನು ಶೇ. 0.4ಕ್ಕೆ ಇಳಿಸಿದ್ದರೆ? ಕಂದಾಯ 4,120 ರೂಪಾಯಿ, ಮೊದಲಿಗಿಂತಲೂ ಕಡಿಮೆ.

ನನಗೆ ಮುಖ್ಯ ಅನ್ನಿಸುವುದು ಈ ಕೊನೆಯ ಸಂಖ್ಯೆ. ಕಾನೂನು ಕನಿಷ್ಠ, ಗರಿಷ್ಠ ಮಿತಿಯನ್ನಷ್ಟೇ ಹೇಳುತ್ತದೆ. ನಡುವೆ ಎಷ್ಟು ಎಂದು ತೀರ್ಮಾನಿಸುವುದು ಸ್ಥಳೀಯ ಸಂಸ್ಥೆ. ಮೌಲ್ಯ ಏರಿದಾಗ ಈ ಪ್ರಮಾಣ ತಾನಾಗಿ ಇಳಿಯುವುದಿಲ್ಲ, ಯಾರಾದರೂ ಕೇಳಬೇಕು. ಎಲ್ಲರೂ ಗೈಡೆನ್ಸ್ ವ್ಯಾಲ್ಯೂ ಬಗ್ಗೆ ಫಾರ್ವರ್ಡ್ ಮಾಡುತ್ತಾರೆ, ವಾರ್ಡಿನ ಸದಸ್ಯರನ್ನು ಈ ಪ್ರಮಾಣದ ಬಗ್ಗೆ ಕೇಳುವವರು ಕಡಿಮೆ.

ನಿಮ್ಮ ಬೀದಿಯ ಮಾರ್ಗಸೂಚಿ ದರವನ್ನು ಕಾವೇರಿ ಜಾಲತಾಣದಲ್ಲಿ ನೋಡಬಹುದು. ಪರಿಷ್ಕರಣೆಗೆ ಮುನ್ನ ಕರಡು ಪಟ್ಟಿ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತಾರೆ. ಪಕ್ಕದ ಬೀದಿಗಿಂತ ನಿಮ್ಮದಕ್ಕೆ ವಿನಾಕಾರಣ ಹೆಚ್ಚು ಹಾಕಿದ್ದರೆ ಬರೆದುಕೊಡಲು ಅದೇ ಸಮಯ. ಬೆಂಗಳೂರಿನವರು ಕಟ್ಟುವ ಮುನ್ನ ರಸೀದಿಯಲ್ಲಿರುವ ವಲಯ ಸರಿಯಿದೆಯೇ ಎಂದು ಒಮ್ಮೆ ತಾಳೆ ನೋಡಿ.