ಡೆಮೋ ಮುಗಿದ ಮೇಲೂ ಓಡೋ ಮೌಸ್ ಬೇಕು

ಇಂಜಿನಿಯರಿಂಗ್ ಕಾಲೇಜುಗಳ ಫೈನಲ್ ಇಯರ್ ಪ್ರಾಜೆಕ್ಟ್ ಪಟ್ಟಿಗಳಲ್ಲಿ ಎರಡು ಹೆಸರು ಮತ್ತೆ ಮತ್ತೆ ಕಾಣಿಸುತ್ತವೆ. ಒಂದು 'ವರ್ಚುವಲ್ ಮೌಸ್', ಇನ್ನೊಂದು 'ಜೆಸ್ಚರ್ ಕಂಟ್ರೋಲ್ಡ್ ವೀಲ್‌ಚೇರ್'. ಇವು ಬೇಡ ಅಂತ ನಾವು ಹೇಳ್ತಿಲ್ಲ. ಲ್ಯಾಪ್‌ಟಾಪ್ ಕ್ಯಾಮೆರಾ, ಪೈಥಾನ್, ಗೂಗಲ್ ಉಚಿತವಾಗಿ ಕೊಡೋ ಮೀಡಿಯಾಪೈಪ್ ಇದ್ದರೆ ಸಾಕು, ಕೈಯ ಮೇಲಿನ 21 ಬಿಂದುಗಳನ್ನು ಅದೇ ಗುರುತಿಸಿ ಕೊಡುತ್ತೆ. ತೋರುಬೆರಳು ಆಡಿಸಿದರೆ ಕರ್ಸರ್ ಓಡುತ್ತೆ, ಹೆಬ್ಬೆರಳಿಗೆ ತಾಗಿಸಿದರೆ ಕ್ಲಿಕ್. ಎಕ್ಸ್‌ಟರ್ನಲ್ ತಲೆದೂಗ್ತಾರೆ, ಮಾರ್ಕ್ಸ್ ಬರುತ್ತೆ. ನಮ್ಮ ಪ್ರಶ್ನೆ ಒಂದೇ: ಮಾರನೇ ದಿನ ಅದನ್ನ ಬಳಸೋರು ಯಾರು?

ಮೌಸ್ ಹಿಡಿಯೋಕೆ ಆಗೋರಂತೂ ಬಳಸಲ್ಲ. ಗಾಳಿಯಲ್ಲಿ ಕೈ ಎತ್ತಿಕೊಂಡು ಹತ್ತು ನಿಮಿಷ ಕೆಲಸ ಮಾಡಿ ನೋಡಿ, ತೋಳು ಬಿದ್ದುಹೋಗುತ್ತೆ. ಈ ಸುಸ್ತಿಗೆ 'ಗೊರಿಲ್ಲಾ ಆರ್ಮ್' ಅಂತ ಹೆಸರು ಬಿದ್ದು ದಶಕಗಳೇ ಆದವು. ದೊಡ್ಡ ಕಂಪನಿಗಳಿಗೂ ಈ ದಾರಿ ಸುಲಭವಾಗಿರಲಿಲ್ಲ. 2010ರಲ್ಲಿ ಬಂದ ಮೈಕ್ರೋಸಾಫ್ಟ್ ಕಿನೆಕ್ಟ್ ಇಡೀ ಮೈಯನ್ನೇ ರಿಮೋಟ್ ಮಾಡಿತ್ತು, 2017ರಲ್ಲಿ ಅದರ ತಯಾರಿಕೆ ನಿಂತಿತು. 2019ರ ಪಿಕ್ಸೆಲ್ 4 ಫೋನಿನಲ್ಲಿ ಕೈ ಬೀಸಿ ಹಾಡು ಬದಲಿಸೋಕೆ ಪುಟ್ಟ ರಡಾರ್ ಇತ್ತು. ಅದಕ್ಕೆ ಬೇಕಾದ 60 ಗಿಗಾಹರ್ಟ್ಸ್ ತರಂಗಕ್ಕೆ ಇಲ್ಲಿ ಅನುಮತಿ ಇಲ್ಲದೆ ಆ ಫೋನು ಭಾರತಕ್ಕೆ ಬರಲೇ ಇಲ್ಲ. ಪಿಕ್ಸೆಲ್ 5ರಲ್ಲಿ ಗೂಗಲ್ಲೇ ಆ ರಡಾರನ್ನು ಕೈಬಿಟ್ಟಿತು.

ಆದರೆ ನಮಗೆ ಶೋಕಿ ಅನ್ನಿಸೋದು ಇನ್ನೊಬ್ಬರಿಗೆ ಬದುಕು. ಸ್ಟೀಫನ್ ಹಾಕಿಂಗ್ ಬೆರಳುಗಳ ಶಕ್ತಿ ಹೋದ ಮೇಲೆ ಕೆನ್ನೆಯ ಒಂದು ಸ್ನಾಯುವಿನಿಂದಲೇ ಬರೆದರು, ಮಾತಾಡಿದರು. ಕನ್ನಡಕಕ್ಕೆ ಸಿಕ್ಕಿಸಿದ ಇನ್‌ಫ್ರಾರೆಡ್ ಸೆನ್ಸರ್ ಕೆನ್ನೆಯ ಚಲನೆಯನ್ನು ಹಿಡಿಯುತ್ತಿತ್ತು. ಇಂಟೆಲ್ ಅವರಿಗಾಗಿ ಕಟ್ಟಿದ ತಂತ್ರಾಂಶ 2015ರಲ್ಲಿ ಎಲ್ಲರಿಗೂ ಮುಕ್ತವಾಯಿತು. 2011ರ ಜನಗಣತಿ ಪ್ರಕಾರ ನಮ್ಮ ದೇಶದಲ್ಲಿ ಚಲನೆಯ ಅಂಗವೈಕಲ್ಯ ಇರುವವರು 54 ಲಕ್ಷಕ್ಕೂ ಹೆಚ್ಚು. ಅವರೆಲ್ಲರಿಗೂ ಇದು ಬೇಕಾಗಿಲ್ಲ, ನಿಜ. ಆದರೆ ಕತ್ತಿನ ಭಾಗದಲ್ಲಿ ಬೆನ್ನುಹುರಿಗೆ ಪೆಟ್ಟಾದವರಿಗೆ, ಸ್ನಾಯುಕ್ಷಯ ಇರುವವರಿಗೆ ಹುಬ್ಬು, ತುಟಿ, ತಲೆಯ ಅಲ್ಪ ಚಲನೆಯೇ ಕೀಬೋರ್ಡ್ ಆಗಬಹುದು.

ಅವರನ್ನು ಮನಸ್ಸಲ್ಲಿಟ್ಟುಕೊಂಡು ಡಿಸೈನ್ ಮಾಡಿದರೆ ಇಡೀ ಲೆಕ್ಕಾಚಾರ ಬದಲಾಗುತ್ತೆ. ಕೈಗವಸಿಗೆ ಆಕ್ಸಿಲರೋಮೀಟರ್ ಕಟ್ಟಿ ಓಡಿಸೋ ವೀಲ್‌ಚೇರ್ ತಗೊಳ್ಳಿ. ಕೈಯನ್ನು ಬೇಕಾದ ಕಡೆ ಅಷ್ಟು ನಿಖರವಾಗಿ ಓರೆ ಮಾಡಬಲ್ಲವರಿಗೆ ಸಾಮಾನ್ಯವಾಗಿ ಜಾಯ್‌ಸ್ಟಿಕ್ಕೇ ಸಾಕಲ್ವಾ?

ಎರಡನೇದು, ಯಾವ ಚಲನೆ ಆಜ್ಞೆ, ಯಾವುದು ಬರೀ ಚಲನೆ? ಕೆಮ್ಮಿದರೆ, ಸೊಳ್ಳೆ ಕೂತಾಗ ಮುಖ ಕಿವುಚಿದರೆ ಕ್ಲಿಕ್ ಆಗಬಾರದು. ಸ್ಲೈಡ್ ತಪ್ಪಾಗಿ ಮುಂದೆ ಹೋದರೆ ನಗಬಹುದು, ವೀಲ್‌ಚೇರ್ ತಪ್ಪಾಗಿ ಮುಂದೆ ಹೋದರೆ ಮೆಟ್ಟಿಲು ಇರಬಹುದು. ಅದೂ ಅಲ್ದೆ ನಮ್ಮ ಕಡೆ ತಲೆ ಅತ್ತಿತ್ತ ಆಡಿಸಿದರೆ 'ಹೂಂ' ಅಂತಲೂ ಆಗುತ್ತೆ, 'ಊಹೂಂ' ಅಂತಲೂ ಆಗುತ್ತೆ. ಎದುರಿಗೆ ಕೂತ ಮನುಷ್ಯರಿಗೆ ಅರ್ಥವಾಗೋದು ಕ್ಯಾಮೆರಾಗೆ ಅರ್ಥವಾಗಬೇಕಂದ್ರೆ ಇಲ್ಲಿಯವರನ್ನೇ ಕೂರಿಸಿ ಪರೀಕ್ಷೆ ಮಾಡಬೇಕು.

ಮೂರನೇದು ಕನ್ನಡ. 'ಸ್ತ್ರೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಆರು ಸಂಕೇತ. ಬೆರಳಲ್ಲಿ ಟೈಪ್ ಮಾಡೋರಿಗೆ ಅದೇನೂ ದೊಡ್ಡದಲ್ಲ. ಆದರೆ ಒಂದೊಂದು ಸಂಕೇತಕ್ಕೂ ಒಂದು ಸಲ ತಲೆ ತಿರುಗಿಸಿ, ಒಂದು ಸಲ ಹುಬ್ಬೇರಿಸಬೇಕಾದವರಿಗೆ ಅದು ಕತ್ತು ನೋವಿನ ಮಾತು. ಮುಂದಿನ ಪದವನ್ನು ಊಹಿಸಿ ಕೊಡೋ ಒಳ್ಳೆಯ ಕನ್ನಡ ಪ್ರಿಡಿಕ್ಷನ್ ಇದ್ದರೆ ಎಷ್ಟೋ ಚಲನೆ ಉಳಿಯುತ್ತೆ. ಕನ್ನಡ ಸಂಘದಲ್ಲಿರೋ ಸಿಎಸ್, ಇಸಿ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೇ ಕೆಲಸ ಇನ್ನೇನಿದೆ?

"ಬಳಸೋರನ್ನ ಎಲ್ಲಿಂದ ಹುಡುಕೋದು, ನಮಗಿರೋದು ಒಂದೇ ಸೆಮಿಸ್ಟರ್" ಅಂತ ಕೆಲವರು ಕೇಳ್ತಾರೆ. ನ್ಯಾಯವಾದ ಮಾತೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನರ್ವಸತಿ ವಿಭಾಗ ಇದೆ, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಷ್ಟು ದೂರ ಬೇಡ ಅಂದ್ರೆ ಊರಿನ ಫಿಸಿಯೋಥೆರಪಿಸ್ಟ್ ಇದ್ದಾರೆ. ಕೋಡ್ ಬರೆಯೋಕೆ ಮುಂಚೆ ಅವರ ಅನುಮತಿ ಪಡೆದು ಹೋಗಿ, ಒಂದು ಮಧ್ಯಾಹ್ನ ಕೂತು ಕೇಳಿ. ಹೊಸದಾಗಿ ಏನೂ ಕಟ್ಟದೆ, ಇರೋ ಮುಕ್ತ ತಂತ್ರಾಂಶಕ್ಕೆ ಕನ್ನಡ ಸೇರಿಸಿದರೂ ಅದು ಪೂರ್ತಿ ಪ್ರಾಜೆಕ್ಟೇ.

ಗೈಡ್‌ಗಳಲ್ಲೂ ನಮ್ಮದೊಂದು ಕೋರಿಕೆ. ವೈವಾದಲ್ಲಿ 'ಅಕ್ಯುರಸಿ ಎಷ್ಟು?' ಅಂತ ಕೇಳೋ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ: 'ಇದನ್ನ ಬೇಕಾದವರು ಬಳಸಿ ನೋಡಿದ್ರಾ? ಎಷ್ಟು ಹೊತ್ತು ಬಳಸೋಕೆ ಆಯ್ತು?' ಈ ಪ್ರಶ್ನೆಗಳಿಗೂ ಮಾರ್ಕ್ಸ್ ಇದೆ ಅಂತ ಗೊತ್ತಾದರೆ, ಮುಂದಿನ ಬ್ಯಾಚ್ ಸಿನಾಪ್ಸಿಸ್ ಬರೆಯೋ ಮೊದಲೇ ಬಳಸೋರನ್ನ ಹುಡುಕಿಕೊಂಡು ಹೋಗುತ್ತೆ.