ಅಟ್ಟದ ಹುಲ್ಲು, ಬಿಗಿಯುವ ಶ್ವಾಸಕೋಶ

ಗಣಿಯ ದೂಳಿನ ವಿರುದ್ಧ, ಕೀಟನಾಶಕಗಳ ವಿರುದ್ಧ ನಾವು ದನಿಯೆತ್ತಿದ್ದೇವೆ. ಅದು ಸರಿಯೇ. ಆದರೆ ನಮ್ಮದೇ ಕೊಟ್ಟಿಗೆಯ ಅಟ್ಟದಿಂದ ಏಳುವ ದೂಳಿನ ಬಗ್ಗೆ ಮೌನವಾಗಿದ್ದೇವೆ. ಸಾವಯವವಾದುದೆಲ್ಲ ನಿರಪಾಯಕಾರಿ ಎಂಬ ನಂಬಿಕೆ ಈ ಮೌನಕ್ಕೆ ಕಾರಣವಿರಬೇಕು.

ಮಲೆನಾಡಿನಲ್ಲಿ ಭತ್ತದ ಕೊಯ್ಲಿನ ಹೊತ್ತಿಗೆ ಅಕಾಲಿಕ ಮಳೆ ಬಂದರೆ ಹುಲ್ಲು ಸರಿಯಾಗಿ ಒಣಗುವ ಮೊದಲೇ ಬಣವೆ ಸೇರುತ್ತದೆ. ಒಳಗಿನ ತೇವದಿಂದ ಬಣವೆ ಕಾವೇರುತ್ತದೆ. 50-60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಆಕ್ಟಿನೋಮೈಸೀಟ್ ಎಂಬ ಶಾಖಪ್ರಿಯ ಸೂಕ್ಷ್ಮಜೀವಿಗಳು ಸೊಂಪಾಗಿ ಬೆಳೆಯುತ್ತವೆ. ಹುಲ್ಲು ಹಿರಿದಾಗ ಅವುಗಳ ಬೀಜಕಣಗಳು ಗಾಳಿಗೇರಿ ಶ್ವಾಸಕೋಶದ ಆಳವನ್ನು ತಲಪುತ್ತವೆ. ಇದು ಸೋಂಕಲ್ಲ, ದೇಹದ ರಕ್ಷಣಾ ವ್ಯವಸ್ಥೆಯೇ ಅತಿಯಾಗಿ ಪ್ರತಿಕ್ರಿಯಿಸಿ ಉರಿಯೂತ ಉಂಟುಮಾಡುತ್ತದೆ. ಇದು ವರ್ಷಗಟ್ಟಲೆ ಮರುಕಳಿಸಿದರೆ ಮೃದುವಾದ ಅಂಗಾಂಶ ನಾರುಗಟ್ಟಿ, ಶ್ವಾಸಕೋಶ ಪೂರ್ತಿ ಹಿಗ್ಗುವ ಶಕ್ತಿಯನ್ನು ಕಳೆದುಕೊಳ್ಳಬಹುದು. 1932ರಲ್ಲಿ ಇಂಗ್ಲೆಂಡಿನ ವೈದ್ಯ ಕ್ಯಾಂಪ್‌ಬೆಲ್ ಅವರು ಬೂಸ್ಟು ಹಿಡಿದ ಹುಲ್ಲಿನಲ್ಲಿ ದುಡಿದವರಲ್ಲಿ ಗುರುತಿಸಿದ್ದು ಈ ರೋಗವನ್ನೇ. ಮುಂದೆ ಇದಕ್ಕೆ 'ರೈತರ ಶ್ವಾಸಕೋಶ' ಎಂಬ ಹೆಸರೇ ಬಿತ್ತು.

ಹುಲ್ಲು ಮುಟ್ಟಿದ ನಾಲ್ಕರಿಂದ ಎಂಟು ಗಂಟೆಗಳಲ್ಲಿ ಚಳಿಜ್ವರ, ಒಣಕೆಮ್ಮು, ಏದುಸಿರು ಕಾಣಿಸಿಕೊಂಡು ಒಂದೆರಡು ದಿನಗಳಲ್ಲಿ ಇಳಿಯುತ್ತವೆ. ಹೀಗಾಗಿ ಇದು ಶೀತಜ್ವರವೆಂದೋ, ಮುಂದೆ ಉಬ್ಬಸ ಅಥವಾ ಕ್ಷಯವೆಂದೋ ತಪ್ಪಾಗಿ ಗ್ರಹಿತವಾಗುವುದುಂಟು. ಉಬ್ಬಸದಲ್ಲಿ ಶ್ವಾಸನಾಳ ಕಿರಿದಾಗುತ್ತದೆ. ಇಲ್ಲಿ ಶ್ವಾಸಕೋಶವೇ ಬಿಗಿಯುತ್ತದೆ. ಇದು ಅಪರೂಪದ ಕಾಯಿಲೆಯೇನಲ್ಲ. ಶ್ವಾಸಕೋಶದ ಅಂಗಾಂಶ ರೋಗಗಳ ಕುರಿತ ಭಾರತೀಯ ದಾಖಲಾತಿಯೊಂದು 2017ರಲ್ಲಿ ಪ್ರಕಟವಾಯಿತು. ಅದರ 1,084 ರೋಗಿಗಳಲ್ಲಿ ಶೇ. 47ರಷ್ಟು ಮಂದಿಗೆ ಇದ್ದುದು ಇದೇ ಬಗೆಯ ಅತಿಸಂವೇದನೆಯ ಕಾಯಿಲೆ. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಏರ್ ಕೂಲರ್‌ಗಳ ಗಾಳಿಗೆ ಒಡ್ಡಿಕೊಂಡಿದ್ದರು. ಮೂಲ ಬೇರೆಯಾದರೂ ಹಾನಿಯ ಬಗೆ ಒಂದೇ.

ಸಾವಯವ ದೂಳಿನಿಂದ ಬರುವ ಈ ರೋಗವನ್ನು 1923ರ ಕಾರ್ಮಿಕರ ಪರಿಹಾರ ಕಾಯಿದೆಯ ಅನುಸೂಚಿಯೂ ಔದ್ಯೋಗಿಕ ರೋಗವೆಂದು ಪಟ್ಟಿ ಮಾಡಿತ್ತು. ಆದರೆ ಸ್ವಂತ ಕೊಟ್ಟಿಗೆಯಲ್ಲಿ ದುಡಿಯುವ ರೈತ ಮಹಿಳೆಗೆ ಪರಿಹಾರ ಕೊಡಬೇಕಾದ ಮಾಲೀಕನೇ ಇಲ್ಲ. ಆದುದರಿಂದ ತಡೆಯೇ ಆಕೆಗಿರುವ ರಕ್ಷಣೆ.

ಹುಲ್ಲನ್ನು ಚೆನ್ನಾಗಿ ಒಣಗಿಸಿಯೇ ಒಟ್ಟಬೇಕು. ಬಣವೆಯ ಬುಡ ನೆಲದಿಂದ ಮೇಲಿರಬೇಕು. ಬೂಸ್ಟು ಹಿಡಿದ ಹುಲ್ಲನ್ನು ಮುಚ್ಚಿದ ಅಟ್ಟದಲ್ಲಿ ಕೊಡವಬಾರದು. ಬಯಲಿನಲ್ಲಿ ನೀರು ಚಿಮುಕಿಸಿ, ಎನ್-95 ಮುಖಗವಸು ಧರಿಸಿ, ಗೊಬ್ಬರದ ಗುಂಡಿಗೆ ಸೇರಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೆಮ್ಮುವ ರೈತರನ್ನು ಅವರ ಕೆಲಸದ ಬಗ್ಗೆಯೂ ಕೇಳುವಂತಾಗಬೇಕು. ಕಾಡಿನ ಉಳಿವಿಗಾಗಿ ಹೋರಾಡುವ ನಮಗೆ, ಆ ಕಾಡಂಚಿನಲ್ಲಿ ದುಡಿಯುವವರ ಉಸಿರೂ ಪರಿಸರದ ಪ್ರಶ್ನೆಯೇ ಆಗಬೇಕು.